ಓದದ ಪೊಟ್ಟಣಗಳ ಮೂರು ರಾಶಿ

ಇದು ತುಮಕೂರಿನ ಒಂದು ದಿನಸಿ ಅಂಗಡಿಯಲ್ಲಿ ನಡೆದದ್ದು. ಅಂಗಡಿಯ ಹೆಸರು, ಬೀದಿ, ಜನರ ಹೆಸರು ಯಾವುದನ್ನೂ ಬರೆದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಆದರೆ ತೊಂದರೆ ಏನಿತ್ತು, ನಾವು ಎಲ್ಲಿ ದಾರಿ ತಪ್ಪಿದೆವು, ಆಮೇಲೆ ಹೇಗೆ ಸರಿ ಹೋಯಿತು ಅನ್ನೋದು ಇದ್ದ ಹಾಗೇ ಇದೆ. ನಾನು ಅಂಗಡಿಗಳಿಗೆ ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ಪೊಟ್ಟಣದ ಮೇಲಿನ ಬಾರ್‌ಕೋಡ್ ಓದುವ ಸ್ಕ್ಯಾನರ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಗುಬ್ಬಿ, ಶಿರಾ, ತಿಪಟೂರು ಕಡೆಯಿಂದಲೂ ಇದೇ ದೂರಿನ ಫೋನ್ ಬರುತ್ತದೆ, "ಸ್ಕ್ಯಾನರ್ ಓದ್ತಿಲ್ಲ, ಒಳ್ಳೇದೊಂದು ಕಳಿಸಿ" ಅಂತ. ಈಗ ಕಳಿಸುವ ಮುಂಚೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಯಾವ ಪೊಟ್ಟಣ ಓದ್ತಿಲ್ಲ? ಈ ಪ್ರಶ್ನೆ ಕೇಳಬೇಕು ಅಂತ ನನಗೆ ಗೊತ್ತಾಗಿದ್ದೇ ಈ ಅಂಗಡಿಯಲ್ಲಿ.

ಅಂಗಡಿ, ಅದರ ಮೂರು ಕೌಂಟರ್

ಯಜಮಾನರಿಗೆ ಅರವತ್ತು ದಾಟಿದೆ. ಅವರ ತಂದೆ ಮಂಡಿಪೇಟೆ ಕಡೆ ಹುಣಸೆಹಣ್ಣು, ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು. ಮಗ ಓದು ಮುಗಿಸಿ ಬಂದ ಮೇಲೆ ಅಂಗಡಿಗೆ ರ‍್ಯಾಕ್ ಹಾಕಿಸಿ, ಗಿರಾಕಿಗಳು ತಾವೇ ಬುಟ್ಟಿ ಹಿಡಿದು ಸಾಮಾನು ತೆಗೆದುಕೊಳ್ಳುವ ಹಾಗೆ ಮಾಡಿದ. ಮುಂದೆ ಮೂರು ಕೌಂಟರ್. ಹಿಂದೆ ಒಂದು ಪ್ಯಾಕಿಂಗ್ ರೂಮ್. ಅಲ್ಲಿ ಒಂದು ತೂಕದ ಯಂತ್ರ, ಪೊಟ್ಟಣಕ್ಕೆ ಅಂಟಿಸುವ ಕೋಡಿನ ಚೀಟಿ ಮುದ್ರಿಸುವ ಒಂದು ಪ್ರಿಂಟರ್. ಸೋಪು, ಬಿಸ್ಕತ್ತು, ಎಣ್ಣೆ ಎಲ್ಲಾ ಕಂಪನಿ ಮಾಲು. ರಾಗಿ ಹಿಟ್ಟು, ಹುರುಳಿಕಾಳು, ಕಡ್ಲೆಬೀಜ, ಹುಣಸೆಹಣ್ಣು, ಕೊಬ್ಬರಿ ಮಾತ್ರ ಅವರದೇ ಪ್ಯಾಕ್. ಅಂಗಡಿಗೆ ಒಳ್ಳೆ ಹೆಸರು ಇರೋದೂ ಈ ಸ್ವಂತ ಪ್ಯಾಕಿನಿಂದಲೇ.

ಮೂರು ಕೌಂಟರಿಗೆ ಮೂರು ಥರದ ಸ್ಕ್ಯಾನರ್ ಇದ್ದವು. ಬೇಕು ಅಂತ ಹಾಗೆ ಮಾಡಿದ್ದಲ್ಲ, ಸಿಕ್ಕಿದ್ದನ್ನು ಸಿಕ್ಕಿದಾಗ ತಂದಿದ್ದರು. ಒಂದನೇ ಕೌಂಟರಿನಲ್ಲಿ ಮೇಜಿನ ಮೇಲೆ ಕೂರುವ ಲೇಸರ್ ಸ್ಕ್ಯಾನರ್. ಅದರ ಒಳಗೆ ಸುತ್ತುವ ಕನ್ನಡಿ ಇರುತ್ತದೆ. ಒಂದು ಲೇಸರ್ ಕಿರಣವನ್ನೇ ಅದು ಬೇರೆ ಬೇರೆ ದಿಕ್ಕಿನ ಹಲವು ಗೆರೆಗಳಾಗಿ, ಬಲೆಯ ಹಾಗೆ ಚೆಲ್ಲುತ್ತದೆ, ಆದ್ದರಿಂದ ಪೊಟ್ಟಣವನ್ನು ಹೇಗೆ ತಿರುಗಿಸಿ ಹಿಡಿದರೂ ಯಾವುದಾದರೂ ಒಂದು ಗೆರೆ ಕೋಡಿನ ಮೇಲೆ ಅಡ್ಡ ಹಾಯುತ್ತದೆ. ಎರಡನೆಯದರಲ್ಲಿ ಕೈಯಲ್ಲಿ ಹಿಡಿಯುವ ಲೇಸರ್ ಗನ್. ಅದು ಬಿಡುವ ಕೆಂಪು ಗೆರೆ ನಮಗೆ ಗೆರೆಯಾಗಿ ಕಂಡರೂ ನಿಜವಾಗಿ ಅದು ಒಂದೇ ಚುಕ್ಕಿ. ಒಳಗಿನ ಪುಟ್ಟ ಕನ್ನಡಿ ಸೆಕೆಂಡಿಗೆ ಸುಮಾರು ನೂರು ಸಲ ಅತ್ತಿತ್ತ ಆಡುವುದರಿಂದ ಕಣ್ಣಿಗೆ ಗೆರೆ ಅನ್ನಿಸುತ್ತದೆ. ಮೂರನೆಯದರಲ್ಲಿ ಕಡಿಮೆ ಬೆಲೆಯ ಸಿಸಿಡಿ ಸ್ಕ್ಯಾನರ್. ಅದರಲ್ಲಿ ಲೇಸರ್ರೂ ಇಲ್ಲ, ಆಡುವ ಕನ್ನಡಿಯೂ ಇಲ್ಲ. ಸಾಲಾಗಿ ಕೆಂಪು ಎಲ್‌ಇಡಿ, ಅದರ ಹಿಂದೆ ಬೆಳಕು ಗುರುತಿಸುವ ಸಣ್ಣ ಸಣ್ಣ ಕಣ್ಣುಗಳ ಒಂದು ಸಾಲು. ಕೋಡಿಗೆ ತೀರಾ ಹತ್ತಿರ ಹಿಡಿಯಬೇಕು, ಆದರೆ ನಾಲ್ಕು ಸಲ ಕೆಳಗೆ ಬಿದ್ದರೂ ಏನೂ ಆಗಲ್ಲ.

ಮೂರೂ ಬೇರೆ ಬೇರೆ ಯಂತ್ರ, ಆದರೆ ಮಾಡುವ ಕೆಲಸ ಒಂದೇ. ಬೆಳಕು ಬಿಡುತ್ತವೆ, ವಾಪಸ್ ಬಂದ ಬೆಳಕನ್ನು ಅಳೆಯುತ್ತವೆ. ಬಿಳಿ ಜಾಗದಿಂದ ಜಾಸ್ತಿ ಬೆಳಕು ಬರುತ್ತದೆ, ಕಪ್ಪು ಪಟ್ಟಿಯಿಂದ ಕಡಿಮೆ. ಯಾವುದು ಎಷ್ಟು ಅಗಲ ಅನ್ನೋದರಿಂದ ಅಂಕಿ ಗೊತ್ತಾಗುತ್ತದೆ. ಅಷ್ಟೇ. ಈ ಮಾತು ನನಗೆ ಮೊದಲೇ ಗೊತ್ತಿತ್ತು. ಆದರೂ ಆ ಎರಡು ತಿಂಗಳು ಅದನ್ನು ಬಳಸಿ ಯೋಚನೆ ಮಾಡಲಿಲ್ಲ.

ತೊಂದರೆ ಶುರುವಾದದ್ದು

ಆಷಾಢದಲ್ಲಿ ಯಜಮಾನರು ಕರೆದರು. "ಏನಪ್ಪಾ, ನಿನ್ನ ಮಿಷನ್ನು ಕಂಪನಿ ಮಾಲು ಓದುತ್ತೆ, ನಮ್ಮ ಮಾಲು ಓದಲ್ಲ ಅಂತದೆ" ಅಂದರು. ಅವರು ಅವತ್ತೇ ಕಾರಣದ ಅರ್ಧ ಹೇಳಿಬಿಟ್ಟಿದ್ದರು. ನಾನು ಗಮನ ಕೊಡಲಿಲ್ಲ.

ಕೌಂಟರಿನಲ್ಲಿ ಆಗುತ್ತಿದ್ದದ್ದು ಇಷ್ಟು. ಪೊಟ್ಟಣ ಓದದೆ ಇದ್ದಾಗ ಕೋಡಿನ ಹದಿಮೂರು ಅಂಕಿಯನ್ನು ಕೈಯಲ್ಲಿ ಹೊಡೆಯೋಕೆ ಯಾರಿಗೂ ಪುರುಸೊತ್ತು ಇರಲಿಲ್ಲ. ಹುಡುಗಿಯರು ಪರದೆಯಲ್ಲಿ ಹೆಸರಿನ ಮೊದಲ ಎರಡು ಅಕ್ಷರ ಹೊಡೆದು, ಬಂದ ಪಟ್ಟಿಯಿಂದ ಆರಿಸಿಕೊಳ್ಳುತ್ತಿದ್ದರು. ಅರ್ಧ ಕೆ.ಜಿ. ಹುರುಳಿ, ಒಂದು ಕೆ.ಜಿ. ಹುರುಳಿ ಒಂದರ ಕೆಳಗೆ ಒಂದು ಇರುತ್ತಿದ್ದವು. ಅವಸರದಲ್ಲಿ ಬೆರಳು ಒಂದು ಸಾಲು ಮೇಲೆ ಬಿದ್ದರೆ ಅಂಗಡಿಗೆ ನಷ್ಟ, ಕೆಳಗೆ ಬಿದ್ದರೆ ಗಿರಾಕಿಯ ಜೊತೆ ಜಗಳ. ತಿಂಗಳ ಕೊನೆಗೆ ಸ್ಟಾಕ್ ಎಣಿಸಿದರೆ ಹುರುಳಿ ಲೆಕ್ಕಕ್ಕಿಂತ ಕಡಿಮೆ, ಕೊಬ್ಬರಿ ಲೆಕ್ಕಕ್ಕಿಂತ ಜಾಸ್ತಿ. ಮಗನಿಗೆ ಕೆಲಸದವರ ಮೇಲೆ ಅನುಮಾನ ಬರೋಕೆ ಶುರುವಾಯಿತು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಬೇಜಾರಾದದ್ದು ಇದೇ. ಒಂದು ಚೀಟಿ ಸರಿ ಇಲ್ಲದ್ದಕ್ಕೆ, ಎಂಟು ವರ್ಷದಿಂದ ಪ್ಯಾಕಿಂಗ್ ರೂಮಿನಲ್ಲಿ ನಂಬಿಕೆಯಿಂದ ದುಡಿದ ಹೆಂಗಸೊಬ್ಬರು ಸಂಜೆ ಹೊರಡುವಾಗ ಚೀಲ ತೆರೆದು ತೋರಿಸಿ ಹೋಗಬೇಕಾಯಿತು.

ನಾವು ಮೊದಲು ಮಾಡಿದ್ದು

ಹೋದ ದಿನವೇ ಮೂರೂ ಸ್ಕ್ಯಾನರಿನ ಗಾಜು ಒರೆಸಿದೆ. ಹಿಟ್ಟಿನ ಧೂಳು, ಅರಿಶಿನದ ಪುಡಿ ಕೂತಿತ್ತು. ಸ್ವಲ್ಪ ಸುಧಾರಿಸಿತು. ಆಮೇಲೆ ಇನ್ನೊಂದು ಕಂಡಿತು: ಒಂದನೇ ಕೌಂಟರ್ ಬಾಗಿಲಿಗೆ ಎದುರು ಇದೆ, ಬಾಗಿಲು ಪೂರ್ವಕ್ಕೆ. ಬೆಳಗ್ಗೆ ಷಟರ್ ಎತ್ತಿದ ಮೇಲೆ ಎರಡು ಗಂಟೆ ಹೊತ್ತು ಬಿಸಿಲು ನೇರವಾಗಿ ಮೇಜಿನ ಮೇಲೆ ಬೀಳುತ್ತದೆ. ಸ್ಕ್ಯಾನರ್ ಹುಡುಕುವ ಸಣ್ಣ ಬೆಳಕು ಅಷ್ಟು ದೊಡ್ಡ ಬೆಳಕಿನಲ್ಲಿ ಮುಳುಗಿ ಹೋಗುತ್ತದೆ. ಮೇಜನ್ನು ಮೂರಡಿ ಒಳಗೆ ಸರಿಸಿದೆವು. ಬೆಳಗಿನ ತೊಂದರೆ ಕಡಿಮೆಯಾಯಿತು.

ಈ ಎರಡು ಸಣ್ಣ ಗೆಲುವೇ ನಮ್ಮನ್ನು ದಾರಿ ತಪ್ಪಿಸಿದವು. ಸ್ಕ್ಯಾನರ್ ಕಡೆ ಕೈ ಹಾಕಿದಾಗಲೆಲ್ಲ ಸ್ವಲ್ಪ ಸರಿ ಹೋಗುತ್ತಿದೆ, ಹಾಗಾದರೆ ಪೂರ್ತಿ ಕಾರಣವೂ ಅಲ್ಲೇ ಇರಬೇಕು ಅಂದುಕೊಂಡೆ. ಎರಡನೇ ಕೌಂಟರಿನ ಗನ್ ಹಳೆಯದಾಗಿದೆ, ಹೊಸದು ತನ್ನಿ ಅಂತ ನಾನೇ ಹೇಳಿದೆ. ಹಳೆಯದರ ಮೂರರಷ್ಟು ಬೆಲೆಯ ಲೇಸರ್ ಗನ್ ಬಂತು. ಕಂಪನಿ ಮಾಲನ್ನು ಎರಡಡಿ ದೂರದಿಂದಲೇ ಪಟಪಟ ಅಂತ ಓದಿತು. ಸ್ವಂತ ಪ್ಯಾಕಿನಲ್ಲಿ ಮೊದಲು ಯಾವುದನ್ನು ಓದುತ್ತಿರಲಿಲ್ಲವೋ ಅದನ್ನು ಇದೂ ಓದಲಿಲ್ಲ.

ಪ್ಯಾಕಿಂಗ್ ರೂಮಿನಲ್ಲಿ ಮಗ ತಾನಾಗಿ ಇನ್ನೊಂದು ಪ್ರಯತ್ನ ಮಾಡಿದ್ದ. ಚೀಟಿ ಮಾಸಲಾಗಿ ಕಾಣುತ್ತಿದೆ ಅಂತ ಪ್ರಿಂಟರಿನಲ್ಲಿ ಕಪ್ಪಿನ ಅಳತೆಯನ್ನು ಪೂರ್ತಿ ಏರಿಸಿಬಿಟ್ಟಿದ್ದ. ಆ ಪ್ರಿಂಟರ್ ಶಾಖದಿಂದ ಮುದ್ರಿಸುವಂಥದ್ದು, ಶಾಖ ಜಾಸ್ತಿಯಾದರೆ ಕಪ್ಪು ಪಟ್ಟಿ ಊದಿಕೊಳ್ಳುತ್ತದೆ, ನಡುವಿನ ಬಿಳಿ ಸಂದು ಮುಚ್ಚಿಕೊಳ್ಳುತ್ತದೆ. ಕಣ್ಣಿಗೆ ಚೀಟಿ ಗಟ್ಟಿಯಾಗಿ, ಚೆನ್ನಾಗಿ ಕಂಡಿತು. ಓದುವುದು ಮಾತ್ರ ಇನ್ನೂ ಕೆಟ್ಟಿತು.

ಬುಟ್ಟಿ

ತಿರುವು ಬಂದದ್ದು ಮೂರನೇ ಕೌಂಟರಿನ ಹುಡುಗಿಯಿಂದ. ಶ್ರಾವಣದ ಒಂದು ಮಧ್ಯಾಹ್ನ ನಾನು ಹೋದಾಗ ಅವಳು ಮೇಜಿನ ಕೆಳಗಿನಿಂದ ಒಂದು ಬುಟ್ಟಿ ಎಳೆದಳು. ಹತ್ತು ದಿನದಿಂದ ಓದದೆ ಇದ್ದ ಪೊಟ್ಟಣ ಒಂದೊಂದನ್ನೂ ಅದರಲ್ಲಿ ಎತ್ತಿಟ್ಟಿದ್ದಳು, ಗಿರಾಕಿಗೆ ಅದೇ ಸಾಮಾನಿನ ಬೇರೆ ಪೊಟ್ಟಣ ಕೊಟ್ಟು. ಯಾರೂ ಹೇಳಿರಲಿಲ್ಲ. "ಅಣ್ಣಾ, ಇದನ್ನ ನೋಡಿ, ಈ ಕೆಂಪು ಕವರ್ ನನ್ನ ಮೊಬೈಲಲ್ಲಿ ಓದುತ್ತೆ. ನಿಮ್ಮ ಹೊಸ ಮಿಷನ್ ಯಾಕೆ ಓದಲ್ಲ?" ಅಂದಳು. ರಾಗಿ ಹಿಟ್ಟಿನ ಕವರಿಗೆ ಮೊಬೈಲ್ ಹಿಡಿದು ತೋರಿಸಿದಳು. ಟಕ್ಕಂತ ಅಂಕಿ ಬಂತು.

ಅವತ್ತು ನಾವು ಬುಟ್ಟಿಯನ್ನು ಪ್ಯಾಕಿಂಗ್ ರೂಮಿನ ನೆಲದ ಮೇಲೆ ಸುರಿದೆವು. ಒಟ್ಟು 41 ಪೊಟ್ಟಣ. ನಾನು, ಆ ಹುಡುಗಿ, ಪ್ಯಾಕಿಂಗ್ ಮಾಡುವ ಅಕ್ಕ ಮೂವರೂ ಕೂತು ಬೇರೆ ಮಾಡಿದೆವು. ಕೆಂಪು ಪ್ರಿಂಟಿನ ಕವರ್ 19. ಚೀಟಿ ಮಾಸಿಹೋದದ್ದು 13. ಚೀಟಿ ನೋಡೋಕೆ ಚೆನ್ನಾಗೇ ಇದ್ದರೂ ಓದದೆ ಇದ್ದದ್ದು 9. ಎರಡು ತಿಂಗಳು ಒಂದೇ ತೊಂದರೆ ಅಂದುಕೊಂಡಿದ್ದೆವು. ನೆಲದ ಮೇಲೆ ಮೂರು ತೊಂದರೆ ಕೂತಿದ್ದವು.

ಕೆಂಪು ರಾಶಿ

ರಾಗಿ ಹಿಟ್ಟು, ಹುರುಳಿಯ ಕವರನ್ನು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಾಡಿಸಿದ್ದರು. ಬಿಳಿ ಕವರಿನ ಮೇಲೆ ಒಂದೇ ಬಣ್ಣ ಆದರೆ ಖರ್ಚು ಕಡಿಮೆ. ಅಂಗಡಿಯ ಬಣ್ಣ ಯಜಮಾನರ ತಂದೆಯ ಕಾಲದಿಂದ ಕುಂಕುಮದ ಕೆಂಪು. ಹಾಗಾಗಿ ಅಂಗಡಿಯ ಹೆಸರು, ತೆನೆಯ ಚಿತ್ರ, ತೂಕ, ಬಾರ್‌ಕೋಡ್ ಎಲ್ಲವೂ ಕೆಂಪು.

ಸ್ಕ್ಯಾನರಿನ ಬೆಳಕೂ ಕೆಂಪು. 1974ರ ಜೂನ್ 26ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಮೊದಲ ಸಲ ಒಂದು ಚೂಯಿಂಗ್ ಗಮ್ ಪ್ಯಾಕೆಟ್ಟಿನ ಮೇಲೆ ಈಗ ನಾವು ನೋಡುವ ಥರದ ಕೋಡನ್ನು ಓದಿಸಿ ಬಿಲ್ ಮಾಡಿದರು. ಆಗಿನ ಯಂತ್ರದಲ್ಲಿ ಇದ್ದದ್ದು ಕೆಂಪು ಬೆಳಕಿನ ಹೀಲಿಯಂ-ನಿಯಾನ್ ಲೇಸರ್. ಈಗಿನ ಕೈ ಗನ್‌ಗಳಲ್ಲಿ ಪುಟ್ಟ ಲೇಸರ್ ಡಯೋಡ್ ಇರುತ್ತದೆ, ಸುಮಾರು 650 ನ್ಯಾನೋಮೀಟರ್, ಅದೂ ಕೆಂಪೇ. ಕೆಂಪು ಬೆಳಕು ಬಿಳಿ ಕಾಗದದ ಮೇಲೆ ಬಿದ್ದರೆ ಬಹುಪಾಲು ವಾಪಸ್ ಬರುತ್ತದೆ. ಕೆಂಪು ಶಾಯಿಯ ಮೇಲೆ ಬಿದ್ದರೂ ಹೆಚ್ಚೂ ಕಡಿಮೆ ಅಷ್ಟೇ ವಾಪಸ್ ಬರುತ್ತದೆ. ಸ್ಕ್ಯಾನರಿನ ಪಾಲಿಗೆ ಆ ಕವರಿನ ಮೇಲೆ ಕೋಡೇ ಇಲ್ಲ, ಬರೀ ಬಿಳಿ. ಎಷ್ಟು ದುಡ್ಡು ಕೊಟ್ಟು ಎಷ್ಟು ಒಳ್ಳೆ ಲೇಸರ್ ತಂದರೂ ಅಷ್ಟೇ. ಮೊಬೈಲ್ ಕ್ಯಾಮೆರಾ ಮಾತ್ರ ಅಂಗಡಿಯ ಬಿಳಿ ಬೆಳಕಿನಲ್ಲಿ ನೋಡುತ್ತದೆ, ನಮ್ಮ ಕಣ್ಣಿನ ಹಾಗೆ. ಅದಕ್ಕೆ ಕೆಂಪು ಪಟ್ಟಿ ಬೇರೆಯಾಗಿ ಕಾಣುತ್ತದೆ.

ಯಜಮಾನರಿಗೆ ಇದನ್ನು ಬಾಯಲ್ಲಿ ಹೇಳಿದಾಗ ನಂಬಲಿಲ್ಲ. "ಕಣ್ಣಿಗೆ ರಾಚ್ತಾ ಇದೆ, ಅದಕ್ಕೆ ಕಾಣಲ್ವಾ?" ಅಂದರು. ಗೌರಿ-ಗಣೇಶ ಹತ್ತಿರ ಬಂದಿತ್ತು. ಅಲಂಕಾರದ ಸಾಮಾನಿನ ರ‍್ಯಾಕಿನಿಂದ ಕೆಂಪು ಜೆಲಟಿನ್ ಪೇಪರ್ ತಂದು, ಎರಡು ಮಡಿಕೆ ಮಾಡಿ ಅವರ ಕಣ್ಣ ಮುಂದೆ ಹಿಡಿದು, ರಾಗಿ ಹಿಟ್ಟಿನ ಕವರ್ ನೋಡಿ ಅಂದೆ. ಅಂಗಡಿಯ ಹೆಸರು, ತೆನೆ, ಕೋಡು ಎಲ್ಲಾ ಮಾಯ. ಪಕ್ಕದಲ್ಲಿದ್ದ ಬಿಸ್ಕತ್ತು ಪ್ಯಾಕಿನ ಕಪ್ಪು ಪಟ್ಟಿ ಮಾತ್ರ ಹಾಗೇ ನಿಂತಿತ್ತು. ಅವರು ಪೇಪರ್ ತೆಗೆದರು, ಮತ್ತೆ ಹಿಡಿದರು, ಮತ್ತೆ ತೆಗೆದರು. ಆಮೇಲೆ ಮಗನನ್ನು ಕೂಗಿದರು.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಗೋಡೌನಿನಲ್ಲಿ ಸಾವಿರಾರು ಕೆಂಪು ಕವರ್ ಉಳಿದಿದ್ದವು. ಬಿಳಿ ಬೆಳಕಿನಲ್ಲಿ ಓದುವ ಕ್ಯಾಮೆರಾ ಥರದ ಸ್ಕ್ಯಾನರ್ ಮೂರು ಕೌಂಟರಿಗೂ ಹಾಕಿಬಿಡೋಣ, ಕವರ್ ಹಾಗೇ ಇರಲಿ ಅಂತ ಮಗ ಹೇಳಿದ. ನಾನು ಬೇಡ ಅಂದೆ. ಅಂಥ ಸ್ಕ್ಯಾನರಿಗೂ ಕೆಂಪು-ಬಿಳಿಯ ವ್ಯತ್ಯಾಸ ಕಪ್ಪು-ಬಿಳಿಯಷ್ಟು ಚೆನ್ನಾಗಿ ಕಾಣಲ್ಲ. ತಪ್ಪು ಕವರಿನಲ್ಲಿ ಇದ್ದಾಗ ಅದಕ್ಕೆ ಹೊಂದುವ ಮೂರು ಯಂತ್ರ ಕೊಳ್ಳೋದು ಸರಿ ಅನ್ನಿಸಲಿಲ್ಲ. ಉಳಿದ ಕವರಿನ ಕೆಂಪು ಕೋಡಿನ ಮೇಲೆ ಕಪ್ಪು-ಬಿಳಿ ಚೀಟಿ ಅಂಟಿಸಿ ಖಾಲಿ ಮಾಡೋದು, ಮುಂದಿನ ಸಲ ಕೋಡಿಗೆ ಮಾತ್ರ ಕಪ್ಪು ಸೇರಿಸಿ ಎರಡು ಬಣ್ಣದಲ್ಲಿ ಮಾಡಿಸೋದು ಅಂತ ಆಯಿತು. ಕುಂಕುಮದ ಬಣ್ಣ ಉಳಿಯಿತು. ಯಜಮಾನರಿಗೆ ಮುಖ್ಯವಾಗಿ ಬೇಕಿದ್ದದ್ದೂ ಅದೇ.

ಮಾಸಿದ ರಾಶಿ

ಹದಿಮೂರರಲ್ಲಿ ಹತ್ತು ಕೊಬ್ಬರಿ, ಮೂರು ಕಡ್ಲೆಬೀಜ. ಅದನ್ನು ಒಂದು ಕಡೆ ಇಟ್ಟು ನೋಡಿದಾಗಲೇ ಕಾರಣ ಅರ್ಧ ಗೊತ್ತಾಯಿತು.

ಅವರ ಪ್ರಿಂಟರ್ ಶಾಯಿ ಇಲ್ಲದೆ ಚೀಟಿ ಮುದ್ರಿಸುತ್ತಿತ್ತು. ಚೀಟಿಯ ಕಾಗದಕ್ಕೇ ಒಂದು ಲೇಪ ಇರುತ್ತದೆ, ಬಿಸಿ ತಗುಲಿದ ಕಡೆ ಅದು ಕಪ್ಪಾಗುತ್ತದೆ. ಉಗುರಿನಿಂದ ಜೋರಾಗಿ ಗೀಚಿ ನೋಡಿ, ಉಜ್ಜಿದ ಶಾಖಕ್ಕೇ ಕಪ್ಪು ಗೆರೆ ಮೂಡಿದರೆ ಅದು ಈ ಥರದ ಚೀಟಿ. ತಾಜಾ ಇದ್ದಾಗ ಕೋಡು ತುಂಬಾ ಚೆನ್ನಾಗಿರುತ್ತದೆ. ಆದರೆ ಬಿಸಿಲು, ಶಾಖ, ಎಣ್ಣೆ ಮೂರೂ ಆ ಲೇಪಕ್ಕೆ ಆಗಿಬರಲ್ಲ. ಅಕ್ಕ ಕೊಬ್ಬರಿ ತುಂಬಿದ ಕೈಯಲ್ಲೇ ಚೀಟಿ ಕಿತ್ತು ಅಂಟಿಸುತ್ತಿದ್ದರು, ಬೇರೆ ಹೇಗೆ ಮಾಡೋಕಾಗುತ್ತೆ ಹೇಳಿ, ಒಂದೊಂದು ಪೊಟ್ಟಣಕ್ಕೂ ಕೈ ತೊಳೆಯುತ್ತಾ ಕೂತರೆ ದಿನಕ್ಕೆ ಐವತ್ತು ಪೊಟ್ಟಣವೂ ಆಗಲ್ಲ. ಚೀಟಿ ಅಂಟಿಸಿದ ದಿನ ಓದುತ್ತಿತ್ತು, ನಾಲ್ಕೈದು ದಿನಕ್ಕೆ ಬೆರಳು ತಾಕಿದ ಕಡೆ ಪಟ್ಟಿ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಒಂದು ಚೀಟಿಯ ಮೇಲೆ ಹೆಬ್ಬೆರಳಿನ ಗುರುತೇ ಕಾಣುತ್ತಿತ್ತು. ಆದ್ದರಿಂದ ಪ್ಯಾಕಿಂಗ್ ರೂಮಿನಲ್ಲಿ ನೋಡಿದಾಗ ಎಲ್ಲಾ ಸರಿ, ಕೌಂಟರಿಗೆ ಬಂದಾಗ ಇಲ್ಲ. ಅಕ್ಕ ಎರಡು ತಿಂಗಳಿಂದ "ನಾನು ಸರಿಯಾಗೇ ಅಂಟಿಸಿದೀನಿ" ಅನ್ನುತ್ತಿದ್ದರು. ಅವರು ಹೇಳಿದ್ದು ನಿಜ.

ಪರಿಹಾರ ಆ ಪ್ರಿಂಟರಿನಲ್ಲೇ ಇತ್ತು. ಅದಕ್ಕೆ ರಿಬ್ಬನ್ ಹಾಕಿಯೂ ಮುದ್ರಿಸಬಹುದಿತ್ತು, ರಿಬ್ಬನ್ ಕೂರಿಸುವ ಜಾಗ ತಂದ ದಿನದಿಂದ ಖಾಲಿ ಇತ್ತು. ರಿಬ್ಬನ್ನಿನ ಕಪ್ಪನ್ನು ಶಾಖ ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ, ಅದು ಆಮೇಲೆ ಸುಲಭವಾಗಿ ಮಾಸಲ್ಲ. ಬರೀ ಮೇಣದ ರಿಬ್ಬನ್ ಅಗ್ಗ, ಆದರೆ ಉಜ್ಜಿದರೆ ಎದ್ದು ಬರುತ್ತದೆ. ರಾಳದ ರಿಬ್ಬನ್ ಗಟ್ಟಿ, ಬೆಲೆ ಜಾಸ್ತಿ. ಎರಡೂ ಬೆರೆತದ್ದನ್ನು ತಂದೆವು. ಕೊಬ್ಬರಿ, ಕಡ್ಲೆಬೀಜ, ಹುಣಸೆಹಣ್ಣಿಗೆ ಮಾತ್ರ ರಿಬ್ಬನ್ ಚೀಟಿ. ವಾರದಲ್ಲಿ ಖಾಲಿಯಾಗುವ ಒಣ ಸಾಮಾನಿಗೆ ಹಳೆಯದೇ ಸಾಕು.

ಚೆನ್ನಾಗಿ ಕಂಡ ರಾಶಿ

ಕೊನೆಯ ಒಂಬತ್ತು ಪೊಟ್ಟಣ ನನಗೆ ಎರಡು ದಿನ ಹಿಡಿಸಿದವು. ಕಪ್ಪು ಗಟ್ಟಿ, ಬಿಳಿ ಸ್ವಚ್ಛ, ಮಾಸಿಲ್ಲ, ಮಡಿಚಿಲ್ಲ. ಭೂತಗನ್ನಡಿ ಹಿಡಿದು ಅಳೆಯೋಕೆ ಕೂತ ಮೇಲೆ ಗೊತ್ತಾಯಿತು.

ಹದಿಮೂರು ಅಂಕಿಯ ಕೋಡನ್ನು ತೀರಾ ಸಣ್ಣ ಸಣ್ಣ ಮನೆಗಳ ಸಾಲು ಅಂದುಕೊಳ್ಳಿ. ಒಟ್ಟು 95 ಮನೆ, ಪ್ರತಿ ಮನೆಯೂ ಕಪ್ಪು ಅಥವಾ ಬಿಳಿ. ಎರಡೂ ಕೊನೆಯಲ್ಲಿ ಮೂರು ಮೂರು, ನಡುವೆ ಐದು ಕಾವಲಿನ ಮನೆ, ಅಂದರೆ ಅಂಕಿ ಇಲ್ಲದ ಗಡಿ ಗುರುತು. ಉಳಿದ 84ರಲ್ಲಿ ಒಂದೊಂದು ಅಂಕಿಗೆ ಏಳು ಮನೆಯಂತೆ ಹನ್ನೆರಡು ಅಂಕಿ. ಹದಿಮೂರನೆಯದು, ಅಂದರೆ ಎಲ್ಲಕ್ಕಿಂತ ಮೊದಲನೆಯದು, ಎಡಗಡೆಯ ಆರು ಅಂಕಿಗಳನ್ನು ಯಾವ ಮಾದರಿಯಲ್ಲಿ ಬರೆದಿದ್ದಾರೆ ಅನ್ನೋದರಲ್ಲೇ ಅಡಗಿರುತ್ತದೆ. ಸ್ಕ್ಯಾನರಿಗೆ ಬೇಕಾದದ್ದು ಈ ಮನೆಗಳು ಒಂದೇ ಅಳತೆಯಲ್ಲಿ ಇರೋದು. ಜೊತೆಗೆ ಎಡಕ್ಕೆ 11 ಮನೆ, ಬಲಕ್ಕೆ 7 ಮನೆಯಷ್ಟು ಖಾಲಿ ಬಿಳಿ ಜಾಗ, ಕೋಡು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ತಿಳಿಯೋಕೆ. ಒಟ್ಟು 113 ಮನೆ. ಒಂದು ಮನೆಯ ಮಾಮೂಲು ಅಗಲ 0.33 ಮಿ.ಮೀ., 80 ಪರ್ಸೆಂಟ್‌ವರೆಗೆ ಚಿಕ್ಕದು ಮಾಡಬಹುದು.

ಅವರ ಪ್ರಿಂಟರ್ ಒಂದು ಮಿ.ಮೀ.ಗೆ 8 ಚುಕ್ಕಿ ಇಡುತ್ತದೆ. ಅಂದರೆ ಒಂದು ಚುಕ್ಕಿ 0.125 ಮಿ.ಮೀ. ಒಂದು ಮನೆಗೆ ಎರಡು ಚುಕ್ಕಿ ಇಡಬಹುದು, ಮೂರು ಇಡಬಹುದು, ಎರಡೂವರೆ ಇಡೋಕಾಗಲ್ಲ. ಚೀಟಿ 38 ಮಿ.ಮೀ. ಅಗಲದ್ದು. ಕೋಡು ಅದರಲ್ಲಿ ಅಂದವಾಗಿ ಕೂರಲಿ ಅಂತ ಯಾರೋ ಅದನ್ನು ಚಿತ್ರದ ಹಾಗೆ ಎಳೆದು 33 ಮಿ.ಮೀ.ಗೆ ಕೂರಿಸಿದ್ದರು. 33ನ್ನು 113ರಿಂದ ಭಾಗಿಸಿ, ಒಂದು ಮನೆಗೆ ಎರಡೂಕಾಲು ಚುಕ್ಕಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಪ್ರಿಂಟರ್ ಏನು ಮಾಡಬೇಕು? ಕೆಲವು ಮನೆಗೆ ಎರಡು, ಕೆಲವಕ್ಕೆ ಮೂರು ಇಟ್ಟಿತು. ನಮ್ಮ ಕಣ್ಣಿಗೆ ಗೊತ್ತೇ ಆಗಲ್ಲ. ಪಟ್ಟಿಯ ಅಗಲ ನೋಡಿಯೇ ಅಂಕಿ ಹೇಳುವ ಯಂತ್ರಕ್ಕೆ ಅದು ತಪ್ಪಾದ ಅಳತೆಗೋಲು. ಕೆಲವು ಅಂಕಿಗಳ ಜೋಡಣೆಯಲ್ಲಿ ಓದುತ್ತದೆ, ಕೆಲವದರಲ್ಲಿ ಓದಲ್ಲ, ಅದಕ್ಕೇ ಒಂದೇ ರೋಲಿನ ಚೀಟಿಯಲ್ಲಿ ಹುಣಸೆ ಓದಿ ಕಡ್ಲೆಬೀಜ ಓದುತ್ತಿರಲಿಲ್ಲ.

ಮನೆಗೆ ಮೂರು ಚುಕ್ಕಿ ಅಂತ ಗಟ್ಟಿ ಮಾಡಿದೆವು. ಆಗ 113 ಮನೆಗೆ 42 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಜಾಗ ಬೇಕು, 38ರ ಚೀಟಿಯಲ್ಲಿ ಹಿಡಿಯಲ್ಲ. 50 ಮಿ.ಮೀ. ಅಗಲದ ಚೀಟಿಗೆ ಹೋದೆವು. ಚೀಟಿಯ ಖರ್ಚು ಜಾಸ್ತಿಯಾಯಿತು ಅಂತ ಮಗ ಲೆಕ್ಕ ಹಾಕಿ ತೋರಿಸಿದ. ಹೊಸ ಗನ್ನಿಗೆ ಕೊಟ್ಟ ದುಡ್ಡಿನಲ್ಲಿ ಎಷ್ಟು ರೋಲ್ ಬರುತ್ತಿತ್ತು ಅಂತ ಯಜಮಾನರು ಕೇಳಿದರು. ಆ ಗನ್ ತರಿಸಿದ್ದು ನಾನು. ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆ. ಬೇಡ, ಇರಲಿ ಅಂದರು.

ಒಂಬತ್ತರಲ್ಲಿ ಎರಡು ಚೀಟಿಯದು ಬೇರೆ ಕಥೆ. ಪ್ರಿಂಟರಿನ ತಲೆಯಲ್ಲಿ ಒಂದು ಚುಕ್ಕಿ ಸುಟ್ಟುಹೋಗಿತ್ತು. ಚೀಟಿ ಹೊರಬರುವ ದಿಕ್ಕಿನಲ್ಲೇ ಪಟ್ಟಿಗಳೂ ಇದ್ದುದರಿಂದ ಆ ಒಂದು ಚುಕ್ಕಿಯ ಜಾಗದಲ್ಲಿ ಬಂದ ಸಣ್ಣ ಪಟ್ಟಿ ಮೇಲಿನಿಂದ ಕೆಳಗಿನವರೆಗೂ ತೆಳುವಾಗುತ್ತಿತ್ತು. ಹೊಸ ತಲೆ ಬರುವವರೆಗೆ ಕೋಡನ್ನು ಅಡ್ಡಕ್ಕೆ ತಿರುಗಿಸಿ ಮುದ್ರಿಸಿದೆವು. ಆಗ ಅದೇ ಕೆಟ್ಟ ಚುಕ್ಕಿ ಎಲ್ಲಾ ಪಟ್ಟಿಗಳನ್ನೂ ಅಡ್ಡಡ್ಡ ಕತ್ತರಿಸುವ ಒಂದು ತೆಳು ಬಿಳಿ ಗೆರೆ ಆಗುತ್ತದೆ ಅಷ್ಟೇ, ಸ್ಕ್ಯಾನರಿನ ಗೆರೆ ಅದರ ಮೇಲೋ ಕೆಳಗೋ ಹಾಯ್ದು ಸರಿಯಾಗಿ ಓದುತ್ತದೆ.

ಸ್ಕ್ಯಾನರ್ ಸರಿ ಓದಿದರೂ ತಪ್ಪಾದದ್ದು

ಮೂರು ರಾಶಿ ಸರಿಯಾದ ಮೇಲೆ ಇನ್ನೆರಡು ದೂರು ಉಳಿದವು. ಒಂದು, "ಸ್ಕ್ಯಾನರ್ ಹಳೇ ರೇಟು ಓದುತ್ತೆ". ಕೋಡಿನಲ್ಲಿ ರೇಟು ಇರೋದೇ ಇಲ್ಲ. 890ರಿಂದ ಶುರುವಾಗುವ ಆ ಹದಿಮೂರು ಅಂಕಿ ಬರೀ ಸಾಮಾನಿನ ಗುರುತು, ರೇಟು ಇರೋದು ಅಂಗಡಿಯ ಕಂಪ್ಯೂಟರಿನಲ್ಲಿ. ನಮ್ಮಲ್ಲಿ ಒಂದೇ ಸೋಪು ಹಳೇ ಎಂಆರ್‌ಪಿಯದ್ದೂ ಹೊಸ ಎಂಆರ್‌ಪಿಯದ್ದೂ ಒಟ್ಟಿಗೆ ರ‍್ಯಾಕಿನಲ್ಲಿ ಇರುತ್ತದೆ, ಎರಡಕ್ಕೂ ಕೋಡು ಒಂದೇ. ಅಂಥ ಸಾಮಾನು ಬಂದಾಗ ಯಾವ ಎಂಆರ್‌ಪಿ ಅಂತ ಪರದೆ ಕೇಳುವ ಹಾಗೆ ಸಾಫ್ಟ್‌ವೇರಿನಲ್ಲಿ ಬದಲಿಸಿದೆ. ತೂಕ ಹಾಕಿ ಕೊಡುವ ಸಾಮಾನಿಗೆ ಮಾತ್ರ ಕೋಡಿನಲ್ಲೇ ತೂಕ ಸೇರಿಸಬಹುದು. 2ರಿಂದ ಶುರುವಾಗುವ ಕೆಲವು ಸಂಖ್ಯೆಗಳನ್ನು ಅಂಗಡಿಯ ಒಳಗಿನ ಬಳಕೆಗೆ ಅಂತಲೇ ಬಿಟ್ಟಿದ್ದಾರೆ. ಅವರ 2100045012506 ಅನ್ನೋ ಚೀಟಿಯಲ್ಲಿ 21 ಅಂದರೆ ತೂಕದ ಸಾಮಾನು, 00045 ಹುಣಸೆಹಣ್ಣು, 01250 ಅಂದರೆ ಒಂದೂಕಾಲು ಕೆ.ಜಿ. ಕೊನೆಯ 6 ತಾಳೆ ಅಂಕಿ. ಮೊದಲ ಹನ್ನೆರಡು ಅಂಕಿಯನ್ನು ಎಡದಿಂದ ಒಂದು, ಮೂರು, ಒಂದು, ಮೂರು ಅಂತ ಗುಣಿಸಿ ಕೂಡಿದರೆ 34 ಬರುತ್ತದೆ, 40 ಮುಟ್ಟೋಕೆ 6 ಬೇಕು. ಒಂದು ಅಂಕಿ ತಪ್ಪಿದರೂ ಈ ಲೆಕ್ಕ ತಾಳೆಯಾಗಲ್ಲ, ಸ್ಕ್ಯಾನರ್ ಸುಮ್ನೆ ಇರುತ್ತದೆ, ಬೀಪ್ ಬರಲ್ಲ. ಬೀಪ್ ಬರದೆ ಇರೋದು ಎಷ್ಟೋ ಸಲ ಅಂಗಡಿಯನ್ನು ಕಾಪಾಡುತ್ತಿರುತ್ತದೆ.

ಇನ್ನೊಂದು, ಎರಡನೇ ಕೌಂಟರಿನಲ್ಲಿ ಆಗಾಗ ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಅರ್ಥವಿಲ್ಲದ ಕನ್ನಡ ಅಕ್ಷರ ಬರುತ್ತಿದ್ದವು. ಸ್ಕ್ಯಾನರ್ ಕಂಪ್ಯೂಟರಿನ ಪಾಲಿಗೆ ಒಂದು ಕೀಬೋರ್ಡ್. ಓದಿದ್ದನ್ನು ಅದು ಟೈಪ್ ಮಾಡಿ ಕೊನೆಗೆ ಎಂಟರ್ ಒತ್ತುತ್ತದೆ. ಮಗ ಖಾಯಂ ಗಿರಾಕಿಗಳ ಹೆಸರನ್ನು ಕನ್ನಡದಲ್ಲೇ ಬರೆಯುತ್ತಿದ್ದ, ಅದು ನನಗೆ ತುಂಬಾ ಇಷ್ಟವಾದ ಕೆಲಸ. ಬರೆದ ಮೇಲೆ ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸೋದು ಮರೆತರೆ, ಇಂಗ್ಲಿಷ್ ಅಕ್ಷರ ಇದ್ದ ಕೋಡುಗಳೂ ಕನ್ನಡವಾಗಿ ಬರುತ್ತಿದ್ದವು. ಪರದೆಯಲ್ಲಿ ತೆರೆಯುವ ಒಂದೊಂದು ವಿಂಡೋಗೂ ಭಾಷೆ ಬೇರೆ ಇರುವ ಹಾಗೆ ಸೆಟ್ ಮಾಡಿದೆ. ಹೆಸರು ಕನ್ನಡದಲ್ಲೇ ಉಳಿದವು.

ಆಮೇಲೆ

ಮಗನಿಗೆ ಕ್ಯೂಆರ್ ಮೇಲೆ ಆಸೆ ಇತ್ತು, ಎಲ್ಲಾ ಚೀಟಿಯನ್ನೂ ಅದಕ್ಕೇ ಬದಲಿಸೋಣ ಅಂದ. ಜಪಾನಿನ ಡೆನ್ಸೊ ಕಂಪನಿ 1994ರಲ್ಲಿ ಮಾಡಿದ ಈ ಕೋಡು ಅಡ್ಡಕ್ಕೂ ಉದ್ದಕ್ಕೂ ಎರಡೂ ಕಡೆ ಮಾಹಿತಿ ಹಿಡಿಯುತ್ತದೆ, ಹೇಗೆ ಮಾಡಿಸುತ್ತೇವೆ ಅನ್ನೋದರ ಮೇಲೆ 30 ಪರ್ಸೆಂಟ್‌ವರೆಗೆ ಹಾಳಾದರೂ ಓದುತ್ತದೆ. ಆದರೆ ಒಂದೇ ಗೆರೆಯಲ್ಲಿ ನೋಡುವ ಲೇಸರ್, ಸಿಸಿಡಿ ಎರಡಕ್ಕೂ ಅದನ್ನು ಓದೋಕೆ ಬರಲ್ಲ, ಪೂರ್ತಿ ಚಿತ್ರ ತೆಗೆಯುವ ಇಮೇಜರ್ ಬೇಕು. ಗಿರಾಕಿ ಮೊಬೈಲ್ ಪರದೆ ತೋರಿಸಿದಾಗಲೂ ಅಷ್ಟೇ, ಪರದೆ ತಾನೇ ಬೆಳಗುತ್ತದೆ, ಲೇಸರಿನ ಬೆಳಕನ್ನು ಕಾಗದದ ಹಾಗೆ ವಾಪಸ್ ಕಳಿಸಲ್ಲ. ಹಾಗಾಗಿ ಮೂರನೇ ಕೌಂಟರಿಗೆ ಒಂದೇ ಒಂದು ಇಮೇಜರ್ ಕೊಂಡೆವು, ಮೊಬೈಲ್ ತೋರಿಸುವವರು ಅಲ್ಲಿಗೆ ಬರಲಿ ಅಂತ. ಉಳಿದ ಎರಡು ಕೌಂಟರಿಗೆ ಲೇಸರ್ರೇ ಇದೆ. ಕಪ್ಪು-ಬಿಳಿ ಸರಿ ಇದ್ದರೆ ಅದಕ್ಕಿಂತ ಬೇಗ ಓದುವ ಅಗತ್ಯ ಆ ಅಂಗಡಿಗಿಲ್ಲ.

ಹಳೆಯ ಲೇಸರ್ ಗನ್ ಪ್ಯಾಕಿಂಗ್ ರೂಮಿಗೆ ಹೋಯಿತು. ಹೊಸ ರೋಲ್ ಹಾಕಿದಾಗಲೆಲ್ಲ ಅಕ್ಕ ಮೊದಲ ಚೀಟಿಯನ್ನು ಅದರಲ್ಲಿ ಓದಿಸುತ್ತಾರೆ. ಬೀಪ್ ಬಂದರೆ ಮಾತ್ರ ಉಳಿದದ್ದು. ಆ ಗನ್ ಮೂರರಲ್ಲೂ ಸೋಮಾರಿ, ಅದು ಓದಿದ್ದನ್ನು ಬೇರೆಯವು ಓದೇ ಓದುತ್ತವೆ. ಭಾದ್ರಪದದ ಸ್ಟಾಕ್ ಎಣಿಕೆಯಲ್ಲಿ ಹುರುಳಿ, ಕೊಬ್ಬರಿ ಲೆಕ್ಕಕ್ಕೆ ಕೂತವು. ಅಕ್ಕನ ಚೀಲ ನೋಡೋದನ್ನು ಯಜಮಾನರು ಅದಕ್ಕೂ ಮುಂಚೆಯೇ ನಿಲ್ಲಿಸಿದ್ದರು, ಮಗ ಅವರ ಹತ್ತಿರ ಹೋಗಿ ತಪ್ಪಾಯ್ತು ಅಂದ.

ಆಯುಧಪೂಜೆಯ ದಿನ ನನ್ನನ್ನೂ ಕರೆದಿದ್ದರು. ತಕ್ಕಡಿ, ಪ್ರಿಂಟರ್, ಸ್ಕ್ಯಾನರ್ ಎಲ್ಲವನ್ನೂ ಒರೆಸಿ, ಸಾಲಾಗಿ ಇಟ್ಟು, ಹೂವು ಏರಿಸಿದ್ದರು. ಯಜಮಾನರು ತಟ್ಟೆಯಿಂದ ಕುಂಕುಮ ತೆಗೆದು ಸ್ಕ್ಯಾನರಿನ ಗಾಜಿನ ಕಡೆ ಬೆರಳು ತಂದಾಗ ಮೂರನೇ ಕೌಂಟರಿನ ಹುಡುಗಿ ಮೆಲ್ಲಗೆ ಅಂದಳು, "ಗಾಜಿಗೆ ಬೇಡ ಯಜಮಾನ್ರೇ, ಹಿಡಿಗೆ ಇಡಿ." ಅವರು ಹಿಡಿಗೆ ಇಟ್ಟರು.